ಕುಮಾಸಿಗೆ ಹೊರಟು ಕೂತವರು

ಟೆಚಿಮಾನ್
ಭಾನುವಾರ, 2 ಫೆಬ್ರವರಿ 1997
ತರುವವನು: ಡ್ರೈವರ್ ಸರ್ಪಾಂಗ್, ‘ಹೊಟ್ಟೆಕಿಚ್ಚು ಬೇಡ’ ಗಾಡಿ

ದುಫಿಯೆ,

ನಿನ್ನ ಪತ್ರ ಮುಟ್ಟಿತು. ಸರ್ಪಾಂಗ್ ಅದನ್ನು ಸ್ಟಿಯರಿಂಗಿನ ಹಿಂದೆ ಸಿಕ್ಕಿಸಿಕೊಂಡು ತಂದಿದ್ದರಿಂದ ಅರ್ಧ ಅಕ್ಷರಗಳಿಗೆ ಗ್ರೀಸ್ ಮೆತ್ತಿತ್ತು. ಆದರೂ ಎರಡು ಸಲ ಓದಿದೆ. ಒಂದು ಸಲ ನಿನಗೆ ತಲೆ ನೆಟ್ಟಗಿದೆಯೇ ಎಂದು ತಿಳಿಯಲು, ಇನ್ನೊಂದು ಸಲ ನಿನ್ನಮ್ಮನಿಗೆ ಓದಿ ಹೇಳಲು.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಗಣಿತದಲ್ಲಿ ನಿನ್ನ ಎರಡನೆಯ ವರ್ಷ ಮುಗಿಯುತ್ತ ಬಂತು. ಇನ್ನು ಒಂದು ವಿಶೇಷ ವಿಷಯ ಹಿಡಿಯಬೇಕು. ವಿಮೆಯ ಲೆಕ್ಕ ಎಂಬ ದಾರಿ ಇದೆ, ಅದರ ಕೊನೆಯಲ್ಲಿ ಫ್ಯಾನು ತಿರುಗುವ ಕೋಣೆ, ತಿಂಗಳ ಸಂಬಳ ಇವೆ. ನೀನು ಅದನ್ನು ಬಿಟ್ಟು ಆಪರೇಷನ್ಸ್ ರಿಸರ್ಚ್ ಎಂಬುದನ್ನು ಹಿಡಿಯುತ್ತೀಯ. ಅದರಲ್ಲಿ ಇರುವುದು ಎಂಟು ಸ್ಥಾನ, ಕೇಳಿದವರು ಮೂವತ್ತೊಂದು ಮಂದಿ. ನಿಜವಾಗಿ ಕೆಲಸ ನಡೆಯುವ ಒಂದು ಜಾಗಕ್ಕೆ ಹೋಗಿ, ಅಳೆದು, ಅದನ್ನು ಸುಧಾರಿಸುವುದು ಹೇಗೆಂದು ಜೂನ್ ಇಪ್ಪತ್ತರೊಳಗೆ ಬರೆದುಕೊಡಬೇಕು. ಚೆನ್ನಾಗಿ ಬರೆದವರಿಗೆ ಸ್ಥಾನ. ನೀನು ಆರಿಸಿಕೊಂಡ ಜಾಗ ನನ್ನ ಸ್ಟ್ಯಾಂಡು.

‘ಆಪರೇಷನ್’ ಎಂದು ಓದುತ್ತಲೇ ನಿನ್ನಮ್ಮ, “ಹಂಗಾದ್ರೆ ಡಾಕ್ಟ್ರಾಗ್ತಾಳಾ?” ಅಂದಳು.

“ಇಲ್ಲ ಮಾರಾಯ್ತಿ, ಸಾಲಲ್ಲಿ ಕಾಯೋರ ಲೆಕ್ಕ ಹಾಕ್ತಾಳಂತೆ.”

“ಅದನ್ನ ನೀವು ಓದದೇನೇ ಮಾಡ್ತಿದ್ದೀರಲ್ಲ?”

ನನಗೂ ಅದೇ ಪ್ರಶ್ನೆ. ಹದಿನಾಲ್ಕು ವರ್ಷದಿಂದ ಕುಮಾಸಿ ಸಾಲಿನ ಸರದಿ ಪುಸ್ತಕ ನನ್ನ ಕೈಯಲ್ಲಿದೆ. ಮೊದಲು ಬಂದ ಗಾಡಿ ಮೊದಲು ತುಂಬಬೇಕು, ಇಪ್ಪತ್ತೆರಡು ಸೀಟು ತುಂಬದೆ ಚಕ್ರ ಉರುಳಬಾರದು. ಇದರಲ್ಲಿ ಸಂಶೋಧನೆ ಮಾಡುವುದೇನಿದೆ? ನಿನ್ನನ್ನು ಏಳನೆಯ ವಯಸ್ಸಿಗೇ ವೆಂಚಿಯ ಅಜ್ಜಿಯ ಮನೆಗೆ ಕಳಿಸಿ, ಆಮೇಲೆ ಹಾಸ್ಟೆಲ್ ಶಾಲೆಗೆ ಹಾಕಿ, ಈ ಸ್ಟ್ಯಾಂಡಿನ ಧೂಳು ಸೋಕದಂತೆ ಬೆಳೆಸಿದ್ದು, ನೀನು ಕೊನೆಗೆ ಇಲ್ಲಿಗೇ ಬಂದು ಆ ಧೂಳನ್ನು ಎಣಿಸಲಿ ಎಂದಲ್ಲ.

ವಿಮೆಯ ಲೆಕ್ಕ ಓದು. ಜನ ಯಾವಾಗ ಸಾಯುತ್ತಾರೆಂದು ಎಣಿಸುವುದು ಸುಲಭ. ಯಾವಾಗ ಹೊರಡುತ್ತಾರೆಂದು ಎಣಿಸುವುದು ಬಹಳ ಕಷ್ಟ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಅಮ್ಮ ಶಿಟೊ ಚಟ್ನಿ ಮಾಡಿ ಕಳಿಸಿದ್ದಾಳೆ. ಖಾರ ಹೆಚ್ಚಿದೆ, ಕೋಪದಲ್ಲಿದ್ದಳು.

ನಿನ್ನ ಅಪ್ಪ,
ಯಾವ್ ಚೆರೆಮೆ


ಕುಮಾಸಿ
ಮಂಗಳವಾರ, 11 ಫೆಬ್ರವರಿ 1997

ಅಪ್ಪನಿಗೆ,

ಶಿಟೊ ಮೂರೇ ದಿನಕ್ಕೆ ಖಾಲಿ. ಕೋಣೆಯ ನಾಲ್ವರೂ ಅತ್ತುಕೊಂಡೇ ತಿಂದೆವು.

ವಿಮೆಯ ಲೆಕ್ಕ ಓದುವುದಿಲ್ಲ.

ಹೋದ ವಾರ ತರಗತಿಯಲ್ಲಿ ಡಾಕ್ಟರ್ ಲ್ಯಾಂಪ್ಟಿ ಮೇಡಂ ಒಂದು ಪ್ರಶ್ನೆ ಹಾಕಿದರು. ನಾಲ್ಕು ಔಷಧಿ ಗೋದಾಮು, ಮೂರು ಆಸ್ಪತ್ರೆ, ಕೆಟ್ಟ ರಸ್ತೆ, ಸಾಕಾಗದ ಡೀಸೆಲ್. ಯಾವ ಗೋದಾಮಿನಿಂದ ಯಾವ ಆಸ್ಪತ್ರೆಗೆ ಎಷ್ಟು ಕಳಿಸಿದರೆ ಯಾರಿಗೂ ಕೊರತೆಯಾಗುವುದಿಲ್ಲ? ನನ್ನ ಪಕ್ಕದ ಬ್ಯಾಂಕ್ ಮ್ಯಾನೇಜರನ ಮಗ ಸೂತ್ರ ಹುಡುಕುತ್ತಿದ್ದ. ನನಗೆ ನೆನಪಾದದ್ದು, ಕ್ರಿಸ್‌ಮಸ್ ರಜೆಯಲ್ಲಿ ನೀವು ಊಟದ ಬಟ್ಟಲಿನ ಸುತ್ತ ಮೆಣಸಿನಕಾಯಿ ಜೋಡಿಸಿ, ಯಾವ ಗಾಡಿ ಎಲ್ಲಿ ನಿಂತರೆ ಯಾವುದಕ್ಕೂ ಅಡ್ಡವಾಗುವುದಿಲ್ಲ ಎಂದು ಅಮ್ಮನಿಗೆ ತೋರಿಸುತ್ತಿದ್ದದ್ದು. ನಾನು ಪೆನ್ನಿನ ಮುಚ್ಚಳ, ರಬ್ಬರು, ನಾಣ್ಯ ಎಲ್ಲ ಮೇಜಿನ ಮೇಲಿಟ್ಟು ಸರಿಸಿ ನೋಡಿದೆ. ಸೂತ್ರಕ್ಕಿಂತ ಮೊದಲು ಉತ್ತರ ಬಂತು. ಆಮೇಲೆ ಸೂತ್ರ ಹಾಕಿದೆ, ಅದೂ ಅದನ್ನೇ ಹೇಳಿತು. ಮೈ ಜುಂ ಎಂದಿತು ಅಪ್ಪ. ವಿಮೆಯ ಲೆಕ್ಕದಲ್ಲಿ ನನಗೆ ಒಂದು ದಿನವೂ ಹಾಗಾಗಿಲ್ಲ.

ನೀವು ಓದದೇ ಮಾಡುತ್ತಿರುವುದನ್ನೇ ನಾನು ಓದಿ ಮಾಡಬೇಕೆಂದಿದ್ದೇನೆ. ಆ ಬ್ಯಾಂಕ್ ಮ್ಯಾನೇಜರನ ಮಗನಿಗೆ ಅವನಪ್ಪ ಎರಡು ಪುಟ ಅಂಕಿ ಕೊಟ್ಟಿದ್ದಾರಂತೆ, ಅದನ್ನೇ ಹೊತ್ತು ಮೆರೆಯುತ್ತಿದ್ದಾನೆ. ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಹದಿನಾಲ್ಕು ವರ್ಷದ ಪುಸ್ತಕಗಳಿವೆ. ಪ್ರತಿ ಗಾಡಿ ಸರದಿಗೆ ಬಂದ ಗಳಿಗೆ, ಹೊರಟ ಗಳಿಗೆ. ಅಷ್ಟು ಆಸ್ತಿ ಇರುವ ಹುಡುಗಿ ನನ್ನ ತರಗತಿಯಲ್ಲಿ ಇನ್ನೊಬ್ಬಳಿಲ್ಲ.

ಈಸ್ಟರ್ ರಜೆಯ ಎರಡು ವಾರ ನಿಮ್ಮ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಕೊಡಿ. ಇಲ್ಲವೆಂದರೆ ರಸ್ತೆಯ ಆಚೆ ಛತ್ರಿ ಹಿಡಿದು ನಿಂತು ಎಣಿಸುತ್ತೇನೆ. ಆಗ ಜನ ನಿಮ್ಮನ್ನೇ ಕೇಳುತ್ತಾರೆ, ಅದು ಯಾರ ಮಗಳು ಎಂದು.

ನಿಮ್ಮ
ಅಫಿಯಾ ದುಫಿಯೆ


ಟೆಚಿಮಾನ್
ಭಾನುವಾರ, 23 ಫೆಬ್ರವರಿ 1997
ತರುವವನು: ಸರ್ಪಾಂಗ್

ದುಫಿಯೆ,

ಛತ್ರಿ ಬೇಡ. ಸ್ಟೂಲು ಹಾಕಿಸುತ್ತೇನೆ.

ಷರತ್ತು ಕೇಳು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಬೇವಿನ ಮರದ ಕೆಳಗೆ ನನ್ನ ಮೇಜಿನ ಪಕ್ಕ ಕೂರಬೇಕು. ಅಲ್ಲಿಂದ ಸರದಿಯ ಗಾಡಿಯ ಬಾಗಿಲು ಕಾಣುತ್ತದೆ, ಹತ್ತುವವರನ್ನು ಎಣಿಸಿಕೋ. ಗಾಡಿಗಳ ಹಿಂದೆ ಸುತ್ತಬಾರದು. ಪ್ರಯಾಣಿಕರ ಹತ್ತಿರ ಹರಟೆ ಹೊಡೆಯಬಾರದು. ಎಣಿಸಲು ಬಂದವರು ಎಣಿಸಬೇಕು.

ಯೂನಿಯನ್ ಅಧ್ಯಕ್ಷ ಅದ್ದೈ ಕೇಳಿದರು, “ಏನ್ ಚೆರೆಮೆ, ಮಗಳನ್ನ ನಮ್ಮ ಮೇಲೆ ಇನ್‌ಸ್ಪೆಕ್ಟರ್ ಮಾಡಿ ಕೂರಿಸ್ತೀಯಂತೆ?” ನಾನಂದೆ, “ಇಲ್ಲ ಅಧ್ಯಕ್ಷರೇ, ವಿಶ್ವವಿದ್ಯಾಲಯದೋರಿಗೆ ನಮ್ಮಿಂದ ಕಲಿಯೋದಿದೆಯಂತೆ.” ಅವರು ಆ ಮಾತಿಗೆ ಉಬ್ಬಿ ಅರ್ಧ ಗಂಟೆ ಎದೆ ಇಳಿಸಲಿಲ್ಲ.

ಅಪ್ಪ


ಕುಮಾಸಿ
ಭಾನುವಾರ, 20 ಏಪ್ರಿಲ್ 1997

ಅಪ್ಪನಿಗೆ,

ವಾಪಸು ಬಂದು ಎರಡು ವಾರವಾಯಿತು, ಅಂಗೈ ಮೇಲೆ ಇನ್ನೂ ಪೆನ್ಸಿಲಿನ ಗುರುತು ಹೋಗಿಲ್ಲ. ಹದಿನಾಲ್ಕು ದಿನ, ನೂರ ಹನ್ನೆರಡು ಗಾಡಿ. ಒಬ್ಬರನ್ನೂ ಬಿಟ್ಟಿಲ್ಲ. ಗಂಟೆಗೆ ಸರಾಸರಿ ಮೂವತ್ತೈದು ಜನ ಹತ್ತುತ್ತಾರೆ. ಮೇಡಂ ನೋಡಿ, “ಯಾರ್ ಕಲಿಸಿದ್ರು ನಿಂಗೆ ಇಷ್ಟು ಚೊಕ್ಕ ಎಣಿಸೋದು?” ಅಂದರು. ನಿಮ್ಮ ಹೆಸರು ಹೇಳಿದೆ.

ನನಗೆ ದಿನಾ ಗಂಜಿ ತಂದುಕೊಟ್ಟ ಎನೊ ಬಿರಾಗೊ ಅಜ್ಜಿಗೆ ನಮಸ್ಕಾರ ತಿಳಿಸಿ. ಅವರು ಯಾವ ಸಾಲಿನವರೆಂದು ಕೇಳಲು ಮರೆತೆ, ಯಾವಾಗಲೂ ಎಲ್ಲಿಗೋ ಹೊರಟಂತೆಯೇ ಇರುತ್ತಾರೆ. ಇನ್ನೊಂದು ತಮಾಷೆ ಕಂಡೆ: ಟೆಚಿಮಾನಿನಲ್ಲಿ ಚೀಲ ಮಾರುವವನು ಒಬ್ಬನೇ ಇರಬೇಕು. ಕುಮಾಸಿಗೆ ಹೋಗುವವರಲ್ಲಿ ಬಹಳ ಮಂದಿಯ ಕೈಯಲ್ಲಿ ಅದೇ ಕೆಂಪು ಚೌಕುಳಿಯ ಚೀಲ.

ಇನ್ನು ಒಂದು ತಿಂಗಳಲ್ಲಿ ಬರೆದು ಮುಗಿಸುತ್ತೇನೆ. ಎಂಟು ಸ್ಥಾನದಲ್ಲಿ ಒಂದು ನನ್ನದು ಅಪ್ಪ, ಬೇಕಾದರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ದುಫಿಯೆ


ಟೆಚಿಮಾನ್
27 ಏಪ್ರಿಲ್ 1997
ತರುವವನು: ಸರ್ಪಾಂಗ್

ದುಫಿಯೆ,

ಎನೊ ಬಿರಾಗೊಗೆ ನಮಸ್ಕಾರ ತಲುಪಿಸಿದೆ. ಅಮ್ಮ ಗೆಣಸು ಕಳಿಸಿದ್ದಾಳೆ. ಇಲ್ಲಿ ಸೆಕೆ. ಚೀಲ ಮಾರುವವನು ಒಬ್ಬನೇ ಇರಬಹುದು, ವಿಚಾರಿಸಿಲ್ಲ.

ಅಪ್ಪ


ಕುಮಾಸಿ
ಶುಕ್ರವಾರ, 9 ಮೇ 1997

ಅಪ್ಪನಿಗೆ,

ನಿನ್ನೆ ಮೇಡಂ ಕೋಣೆಗೆ ಕರೆಸಿ ಬಾಗಿಲು ಹಾಕಿದರು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

“ಗಂಟೆಗೆ ಮೂವತ್ತೈದು ಜನ ಹತ್ತಿದ್ರೆ ಇಪ್ಪತ್ತೆರಡು ಸೀಟು ತುಂಬೋಕೆ ಎಷ್ಟು ಹೊತ್ತು ಬೇಕು?”

“ಮೂವತ್ತೆಂಟು ನಿಮಿಷ, ಮೇಡಂ.”

“ನಿಮ್ಮಪ್ಪನ ಪುಸ್ತಕ ಏನನ್ನುತ್ತೆ?”

“ನಲವತ್ತೈದು.”

“ಪ್ರತಿ ಗಾಡೀಲೂ ಏಳು ನಿಮಿಷ ಎಲ್ಲಿ ಹೋಗ್ತಿದೆ ದುಫಿಯೆ? ನೀನು ಜನರನ್ನ ಹೆಚ್ಚು ಎಣಿಸಿದೀಯ, ಇಲ್ಲಾಂದ್ರೆ ಅವರು ಹೊತ್ತನ್ನ ಹೆಚ್ಚು ಬರೆದಿದಾರೆ. ಎರಡರಲ್ಲಿ ಒಂದು ಸುಳ್ಳು. ಯಾವುದು?”

ನಾನು ಎಣಿಸಿದ್ದು ಸುಳ್ಳಲ್ಲ. ಮೂರು ಸಲ ತಾಳೆ ನೋಡಿದೆ. ಮೇಡಂ ಹೇಳಿದರು, ಒಂದು ದಿನ ತಪ್ಪಿದರೆ ಕೈತಪ್ಪು, ನೂರ ಹನ್ನೆರಡು ಗಾಡಿಯಲ್ಲೂ ಒಂದೇ ರೀತಿ ತಪ್ಪಿದರೆ ಅದು ಯಾರೋ ಬೇಕೆಂದೇ ಮಾಡಿದ್ದು. ಇದಕ್ಕೆ ಉತ್ತರವಿಲ್ಲದೆ ಕೊಟ್ಟರೆ ಓದದೇ ಬದಿಗಿಡುತ್ತಾರೆ. ಆ ಎಂಟರಲ್ಲಿ ನಾನು ಇರುವುದಿಲ್ಲ.

ಕೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗಾದರೂ ಅನುಕೂಲವಾಗಲೆಂದು ಪುಸ್ತಕದಲ್ಲಿ ಸಮಯ ತಿದ್ದಿದ್ದೀರಾ, ಅಪ್ಪ?

ದುಫಿಯೆ


ಕುಮಾಸಿ
ಶನಿವಾರ, 24 ಮೇ 1997

ಅಪ್ಪ,

ಎರಡು ವಾರವಾಯಿತು. ಸರ್ಪಾಂಗನನ್ನು ಕೇಳಿದೆ. “ನಿಮ್ಮಪ್ಪ ಅದನ್ನ ನನ್ನ ಎದುರಿಗೇ ಓದಿದ್ರಮ್ಮ, ಮಡಚಿ ಜೇಬಲ್ಲಿಟ್ಕೊಂಡ್ರು. ಅವತ್ತಿಂದ ನನ್ನ ಸರದಿ ಬಂದ್ರೂ ‘ಮುಂದಿನ ಗಾಡಿ’ ಅಂತಾರೆ, ಹೆಸರು ಕರೆಯಲ್ಲ” ಅಂದ.

ಕೋಪ ಸರ್ಪಾಂಗನ ಮೇಲಲ್ಲ ಎಂದು ಗೊತ್ತು. ನನಗೆ ಇನ್ನು ಇಪ್ಪತ್ತೇಳು ದಿನವಿದೆ. ಹೌದು ಎಂದಾದರೂ ಬರೆಯಿರಿ, ಇಲ್ಲ ಎಂದಾದರೂ ಬರೆಯಿರಿ. ಏನೂ ಬರೆಯದಿದ್ದರೆ ಆ ಏಳು ನಿಮಿಷ ಹುಡುಕಿಕೊಂಡು ನಾನೇ ಬರುತ್ತೇನೆ. ಈ ಸಲ ಗಾಡಿಗಳ ಹಿಂದೆಯೂ ಸುತ್ತುತ್ತೇನೆ.

ದು.


ಟೆಚಿಮಾನ್
ಭಾನುವಾರ, 1 ಜೂನ್ 1997
ತರುವವನು: ಸರ್ಪಾಂಗ್ (ಪುಟ್ಟ ಪೊಟ್ಟಣವನ್ನೂ ಕೊಡುತ್ತಾನೆ, ಎಣಿಸಿ ತೆಗೆದುಕೋ, ಹನ್ನೊಂದು ನೋಟ್‌ಬುಕ್ಕು)

ದುಫಿಯೆ,

ನನ್ನ ಪುಸ್ತಕದಲ್ಲಿ ಒಂದು ನಿಮಿಷವೂ ಸುಳ್ಳಲ್ಲ. ನೀನು ಎಣಿಸಿದ್ದೂ ಸುಳ್ಳಲ್ಲ. ಗಾಡಿಯಲ್ಲಿ ಕೂತಿದ್ದವರು ಸುಳ್ಳು.

ಇದನ್ನು ಬರೆಯಲು ನನಗೆ ಮೂರು ವಾರ ಬೇಕಾಯಿತು. ಇನ್ನು ನಿಲ್ಲಿಸದೆ ಬರೆಯುತ್ತೇನೆ.

ಖಾಲಿ ಗಾಡಿಗೆ ಯಾರೂ ಹತ್ತುವುದಿಲ್ಲ. ಮೊದಲು ಹತ್ತಿದವನು ಹೆಚ್ಚು ಹೊತ್ತು ಬೇಯಬೇಕು, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಕಿತ್ತಳೆ ಮಾರುವವಳ ಹತ್ತಿರ ಒಬ್ಬ, ಮರದ ಕೆಳಗೆ ಇಬ್ಬರು, ಎಲ್ಲರೂ ಇನ್ನೊಬ್ಬರು ಹತ್ತಲಿ ಎಂದು ನಿಂತಿರುತ್ತಾರೆ. ಸಾಲದ್ದಕ್ಕೆ ರಸ್ತೆಯ ಆಚೆ ಬೇರೆ ಸ್ಟ್ಯಾಂಡಿನ ಗಾಡಿಗಳೂ ಕರೆಯುತ್ತಿರುತ್ತವೆ. ಅದಕ್ಕೇ ನಮ್ಮಲ್ಲಿ ನಾಲ್ವರು ಕೂರುವವರಿದ್ದಾರೆ. ಗಾಡಿ ಸರದಿಗೆ ಬಂದ ಕೂಡಲೇ ಒಳ್ಳೆಯ ಬಟ್ಟೆ ಉಟ್ಟು, ಚೀಲ ಹಿಡಿದು, ನಾಲ್ವರೂ ಹತ್ತಿ ಕೂರುತ್ತಾರೆ. ಚೀಲದೊಳಗೆ ಹಳೆಯ ಪತ್ರಿಕೆ. ಅವರನ್ನು ಕಂಡು ನಿಜವಾದವರು ಹತ್ತುತ್ತಾರೆ. ಹದಿನೆಂಟು ನಿಜವಾದವರು ಆದಮೇಲೆ ಇವರು ನಿನ್ನ ಸ್ಟೂಲಿಗೆ ಕಾಣದ ಹಿಂಬಾಗಿಲಿನಿಂದ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಒಬ್ಬರಿಗೆ ಬ್ರೆಡ್ ಕೊಳ್ಳಬೇಕು, ಒಬ್ಬರಿಗೆ ಹೊಟ್ಟೆ ನೋವು. ವಾಪಸು ಬರುವುದಿಲ್ಲ. ಆ ನಾಲ್ಕು ಸೀಟಿಗೆ ಇನ್ನು ನಾಲ್ವರು ಬರುತ್ತಾರೆ.

ನೀನು ಗಂಟೆಗಳಲ್ಲಿ ಎಣಿಸಿದ್ದನ್ನು ಗಾಡಿಗಳಿಗೆ ಹಂಚಿ ನೋಡು, ಪ್ರತಿ ಗಾಡಿಗೂ ಹತ್ತಿದವರು ಇಪ್ಪತ್ತಾರು. ಹೋದವರು ಇಪ್ಪತ್ತೆರಡು. ಚೀಲ ಮಾರುವವನು ಒಬ್ಬನಲ್ಲ ಮಗಳೇ, ಚೀಲವೇ ನಾಲ್ಕು.

ಎನೊ ಬಿರಾಗೊ ಅವರಲ್ಲಿ ಹಿರಿಯಳು. ಒಂದು ಬೆಳಿಗ್ಗೆಯಲ್ಲಿ ನೀನು ಅವಳನ್ನು ಎಂಟು ಸಲ ಎಣಿಸಿದ್ದೀಯ. ನೀನು ಬರುವ ಹಿಂದಿನ ದಿನ ನಾನೇ ಅವರನ್ನು ಕರೆದು, “ನನ್ನ ಮಗಳು ಎಣಿಸೋಕೆ ಬರ್ತಾಳೆ, ಬಟ್ಟೆ ಬದಲಾಯಿಸ್ತಾ ಇರಿ” ಅಂದೆ. ಎನೊ ಉಗಿದಳು: “ನನ್ನ ಹತ್ರ ಇರೋದೇ ಮೂರು ಬಟ್ಟೆ ಕಣೋ. ಮಗಳಿಗೆ ನಿಜ ಹೇಳೋದು ಅದಕ್ಕಿಂತ ಸಲೀಸು.” ನಾನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂದರೆ, ಪುಸ್ತಕ ಹಿಡಿಯುವ ಮೊದಲು ಆರು ವರ್ಷ ನಾನೂ ಕೂರುವವನಾಗಿದ್ದೆ. ನೀನು ಹುಟ್ಟಿದ ಮರುವರ್ಷದಿಂದ. ದಿನಕ್ಕೆ ಹತ್ತು ಸಲ ಕುಮಾಸಿಗೆ ಹೊರಟು ಒಂದು ಸಲವೂ ಕುಮಾಸಿ ಮುಟ್ಟದವನು. ನಿನಗೆ ಆರು ವರ್ಷವಿದ್ದಾಗ ನಿನ್ನಮ್ಮ ನಿನ್ನನ್ನು ಕರೆದುಕೊಂಡು ಸ್ಟ್ಯಾಂಡಿನ ಮೇಲೆ ಹಾದುಹೋದಳು. ನಾನು ಕಿಟಕಿಯ ಪಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೀನು ನೋಡಿಬಿಟ್ಟೆ. “ಅಪ್ಪ ನನ್ನ ಬಿಟ್ಟು ಕುಮಾಸಿಗೆ ಹೋಗ್ತಿದಾರೆ!” ಎಂದು ಬಾಗಿಲು ಹಿಡಿದುಕೊಂಡು ಊರಿಗೆಲ್ಲ ಕೇಳುವಂತೆ ಕಿರುಚಿದೆ. ನಾನು ಇಳಿದು ಬಂದು, “ಇಲ್ಲ ಕಂದ, ನಾನು ಎಲ್ಲಿಗೂ ಹೋಗ್ತಿಲ್ಲ” ಅಂದೆ.

ಆ ಸ್ಟ್ಯಾಂಡಿನಲ್ಲಿ ಆ ಆರು ವರ್ಷದಲ್ಲಿ ನಾನು ಆಡಿದ ಒಂದೇ ನಿಜ ಅದು. ಕೇಳಿಸಿಕೊಂಡ ಏಳು ಪ್ರಯಾಣಿಕರು ಇಳಿದು ರಸ್ತೆಯ ಆಚೆ ಹೋದರು. ಮುಂದಿನ ತಿಂಗಳು ನಿನ್ನನ್ನು ವೆಂಚಿಗೆ ಕಳಿಸಿದೆ. ನಿನಗೆ ಆ ದಿನ ನೆನಪಿಲ್ಲವೆಂದು ತಿಳಿದು ನೆಮ್ಮದಿಯಾಗಿದ್ದೆ.

ಪೊಟ್ಟಣದಲ್ಲಿರುವುದು ಇನ್ನೊಂದು ಲೆಕ್ಕ. ಯಾರಿಗೂ ತೋರಿಸಿದ್ದಲ್ಲ. ಯಾವ ಗಾಡಿಯಲ್ಲಿ ಯಾರು ಎಷ್ಟು ಹೊತ್ತು ಕೂತರು, ಯಾವ ದಿನ ಕೂರುವವರೇ ಇರಲಿಲ್ಲ, ಎಲ್ಲ ಇದೆ. ಬರೆಯುವ ಚಟ ಇರುವವನು ತನ್ನ ಸುಳ್ಳನ್ನೂ ಬರೆದಿಡುತ್ತಾನೆ, ಏನು ಮಾಡಲಿ. ನಿನ್ನ ಏಳು ನಿಮಿಷ ಅದರಲ್ಲಿವೆ.

ಏನು ಮಾಡುತ್ತೀಯೋ ಮಾಡು.

ಯಾವ್ ಚೆರೆಮೆ


ಕುಮಾಸಿ
ಭಾನುವಾರ, 8 ಜೂನ್ 1997

ಅಪ್ಪನಿಗೆ,

ಒಂದು ದಿನ ನಿಮ್ಮ ಪತ್ರವನ್ನು ಹಾಸಿಗೆಯ ಅಡಿಗೆ ಹಾಕಿ ಅದರ ಮೇಲೇ ಕೂತಿದ್ದೆ. ನಾನು ಬೆವರು ಸುರಿಸಿಕೊಂಡು ಎಣಿಸುವಾಗ ನೀವು ಒಂದು ಮಾರು ದೂರದಲ್ಲಿ ಕೂತು ನೋಡುತ್ತಿದ್ದಿರಿ. ಅದನ್ನು ಮರೆಯಲು ಸ್ವಲ್ಪ ದಿನ ಬೇಕು. ಎರಡನೆಯ ದಿನ ನೋಟ್‌ಬುಕ್ಕು ತೆರೆದೆ. ಐದು ದಿನದಿಂದ ಮುಚ್ಚಿಲ್ಲ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಅದರಲ್ಲಿದೆ. ಊರಿನ ದೊಡ್ಡವರ ಉತ್ತರಕ್ರಿಯೆ ಇದ್ದ ಶನಿವಾರಗಳಲ್ಲಿ ನಾಲ್ವರೂ ಕಪ್ಪು ಬಟ್ಟೆ ಉಟ್ಟು ಅಲ್ಲಿಗೆ ಹೋಗಿದ್ದಾರೆ. ‘ಇಂದು ಕೂರುವವರಿಲ್ಲ’ ಎಂದು ನೀವು ಬರೆದ ದಿನಗಳು ಹತ್ತೊಂಬತ್ತು. ಆ ದಿನಗಳಲ್ಲಿ ಗಾಡಿ ತುಂಬಲು ಸರಾಸರಿ ಅರವತ್ತಮೂರು ನಿಮಿಷ. ಬೇರೆ ಶನಿವಾರಗಳಲ್ಲಿ ನಲವತ್ತೈದು. ಅಪ್ಪ, ನಿಮ್ಮ ಸುಳ್ಳು ಪ್ರತಿ ಗಾಡಿಗೂ ಹದಿನೆಂಟು ನಿಮಿಷ ಉಳಿಸುತ್ತಿದೆ. ಮೇಡಂಗೆ ಯಾರದೆಂದು ಹೇಳದೆ ಅಂಕಿ ಮಾತ್ರ ತೋರಿಸಿದೆ. ಕುರ್ಚಿಯಿಂದ ಎದ್ದು ನಿಂತರು.

ಆದರೆ ಅದು ಸುಳ್ಳೇ. ‘ಇನ್ನೇನು ಹೊರಡುತ್ತದೆ’ ಎಂದು ನಂಬಿ ಹತ್ತಿದ ಹೆಂಗಸು ಅಲ್ಲೇ ಮುಕ್ಕಾಲು ಗಂಟೆ ಬೇಯುತ್ತಾಳೆ. ಮೊದಲು ಬಂದವರಿಗೆ ಶಿಕ್ಷೆಯಾಗದೆ, ಯಾರಿಗೂ ಸುಳ್ಳು ಹೇಳದೆ ಗಾಡಿ ತುಂಬಬೇಕು. ಹೇಗೆಂದು ನನಗೆ ಹೊಳೆದಿಲ್ಲ. ನೀವೂ ಯೋಚಿಸಿ. ಮೆಣಸಿನಕಾಯಿ ಜೋಡಿಸಿ ನೋಡಿ.

ಒಂದು ಮಾತು ಸ್ಪಷ್ಟವಾಗಿ ಕೇಳುತ್ತೇನೆ. ಕೂರುವವರ ವಿಷಯ ಬರೆಯದಿದ್ದರೆ ನನ್ನ ಲೆಕ್ಕ ನಿಲ್ಲುವುದಿಲ್ಲ. ಬರೆದರೆ ನಿಮ್ಮ ಹೆಸರು ಬರುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಒಂದಕ್ಷರ ಬರೆಯುವುದಿಲ್ಲ, ವಿಮೆಯ ಲೆಕ್ಕಕ್ಕೆ ಹೆಸರು ಕೊಟ್ಟು ಬರುತ್ತೇನೆ. ಆದರೆ ಇಪ್ಪತ್ತನೆಯ ತಾರೀಖಿನ ಸಂಜೆಯವರೆಗೆ ಒಪ್ಪಿಗೆ ಕೇಳುತ್ತಲೇ ಇರುತ್ತೇನೆ.

ಆ ದಿನ ನನಗೆ ನೆನಪಿದೆ. ನಿಮ್ಮ ಚೀಲ ಹಸಿರಾಗಿತ್ತು.

ದುಫಿಯೆ


ಟೆಚಿಮಾನ್
ಭಾನುವಾರ, 15 ಜೂನ್ 1997
ತರುವವನು: ಸರ್ಪಾಂಗ್, ಹೆಸರು ಹಿಡಿದು ಕರೆದಿದ್ದೇನೆ, ಖುಷಿಯಲ್ಲಿದ್ದಾನೆ

ದುಫಿಯೆ,

ಬರಿ. ಹೆಸರು ಪೂರ್ತಿ ಹಾಕು.

ಇನ್ನು ನಡೆದದ್ದು ಕೇಳು. ಸೋಮವಾರ ನಿನ್ನ ಪತ್ರವನ್ನು ನಾಲ್ವರನ್ನೂ ಕೂರಿಸಿಕೊಂಡು ಓದಿದೆ. ಹದಿನೆಂಟು ನಿಮಿಷ ಎಂಬಲ್ಲಿಗೆ ಬಂದಾಗ, ಅವರಲ್ಲೊಬ್ಬನಾದ, ಕಾಲು ಕುಂಟುವ ಹಳೆಯ ಡ್ರೈವರ್ ಕ್ವಾಸಿ ಬಾಫೊ ಟೋಪಿ ತೆಗೆದು ಎದೆಗಿಟ್ಟುಕೊಂಡ. ಮೊದಲು ಹತ್ತಿದವರಿಗೆ ಶಿಕ್ಷೆ ಎಂಬಲ್ಲಿ ಎನೊ ಬಿರಾಗೊ ಬಾಯಿ ಹಾಕಿದಳು.

“ಗೆಣಸು ಮಾರೋ ಹೆಂಗಸರು ಬೆಳಿಗ್ಗೆ ಬಂದು ಏನು ಕೇಳ್ತಾರೆ ಗೊತ್ತಾ? ‘ಎನೊ, ಸಂತೇಲಿ ಇನ್ನೂ ಉಪ್ಪು ತಗೋಬೇಕು, ಸೀಟು ನೋಡ್ಕೊ’ ಅಂತಾರೆ. ನಾನು ಇಲ್ಲಾಂತೀನಿ. ಯಾಕಂದ್ರೆ ನಂಗೆ ಇಳಿಯೋ ಕೆಲಸ ಇದೆಯಲ್ಲ. ನಾನು ಹೆಂಗಿದ್ರೂ ಕೂತಿರ್ತೀನಿ ಕಣೋ ಚೆರೆಮೆ. ಸುಮ್ನೆ ಕೂರೋ ಬದ್ಲು ಅವರಿಗೋಸ್ಕರ ಕೂರ್ತೀನಿ.”

ಹದಿನಾಲ್ಕು ವರ್ಷ ನನ್ನ ಮೂಗಿನ ಕೆಳಗಿದ್ದ ಮಾತು.

ಗುರುವಾರದ ಸಂತೆಯ ದಿನ ಮಾಡಿಯೇಬಿಟ್ಟೆವು. ಸೋಡಾ ಬಾಟಲಿಯ ಮುಚ್ಚಳಗಳಿಗೆ ಒಂದರಿಂದ ಇಪ್ಪತ್ತೆರಡರವರೆಗೆ ಬಣ್ಣದಲ್ಲಿ ನಂಬರು ಬರೆದೆ. ಮೊದಲು ಬಂದವರು ಟಿಕೆಟ್ಟಿನ ದುಡ್ಡು ಕೊಟ್ಟು ಮುಚ್ಚಳ ತೆಗೆದುಕೊಂಡು ಸಂತೆಗೆ ಹೋಗಬಹುದು, ಅವರ ಸೀಟಿನಲ್ಲಿ ಎನೊ ಅಥವಾ ಬಾಫೊ ಕೂತಿರುತ್ತಾರೆ. ಹದಿನೆಂಟು ತುಂಬಿದ ಕೂಡಲೇ ನಾನು ಗಂಟೆ ಬಾರಿಸುತ್ತೇನೆ, ಮುಚ್ಚಳದವರು ಓಡಿ ಬರುತ್ತಾರೆ, ಕೂತವರು ಎದ್ದು ಕೊಡುತ್ತಾರೆ. ಬರುವಾಗ ಕೂತವರ ಕೈಗೆ ನಾಲ್ಕು ಟೊಮೇಟೊ, ಒಂದು ಹಿಡಿ ಮೆಣಸಿನಕಾಯಿ. ಮಧ್ಯಾಹ್ನಕ್ಕೆ ಎನೊ ಚೀಲದ ಪತ್ರಿಕೆಗಳನ್ನು ತೆಗೆದು ಎಸೆದಳು. ಜಾಗ ಸಾಲಲಿಲ್ಲ.

ಗುರುವಾರ ಹತ್ತು ಗಾಡಿ. ಸರಾಸರಿ ಮೂವತ್ತನಾಲ್ಕು ನಿಮಿಷ. ಶುಕ್ರವಾರ ಹನ್ನೊಂದು ಗಾಡಿ, ಮೂವತ್ತಮೂರು. ಹಾಳೆ ಲಗತ್ತಿಸಿದ್ದೇನೆ. ಒಂದು ಗಾಡಿಗೆ ಐವತ್ತೆರಡು ಆಯಿತು, ಅದನ್ನೂ ಬರೆದಿದ್ದೇನೆ. ಮುಚ್ಚಳ ತೆಗೆದುಕೊಂಡು ಹೋದ ಪುಣ್ಯಾತ್ಗಿತ್ತಿ ತಂಗಿಯ ಜಗಳ ಬಿಡಿಸುತ್ತ ನಿಂತುಬಿಟ್ಟಿದ್ದಳು. ಅದಕ್ಕೆ ನಿನ್ನ ಸೂತ್ರದಲ್ಲಿ ಏನಾದರೂ ಇದೆಯೇ ನೋಡು.

ಅಧ್ಯಕ್ಷ ಅದ್ದೈ ನಿನ್ನೆ ಕರೆಸಿದರು. ಹೊಸ ಪದ್ಧತಿ ಅವರಿಗೆ ಹಿಡಿಸಿದೆ, ಹಳೆಯದನ್ನು ಬರೆಯುವುದು ಹಿಡಿಸಿಲ್ಲ.

“ಮುಚ್ಚಳದ ವಿಷಯ ಬರೀಲಿ, ಬೇಡ ಅನ್ನಲ್ಲ. ಕೂರೋರ ವಿಷಯ ಯಾಕೆ? ಅದು ದೊಡ್ಡೋರ ಮುಂದೆ ಹೋದ್ರೆ ಪುಸ್ತಕ ನಿನ್ನ ಕೈಲಿರಲ್ಲ, ಚೆರೆಮೆ.”

“ಅಧ್ಯಕ್ಷರೇ, ಹಳೇದು ಹೇಳ್ದೆ ಹೊಸದು ಎಷ್ಟು ಒಳ್ಳೇದು ಅಂತ ಹೆಂಗೆ ಅಳೀತಾಳೆ? ಮೂವತ್ನಾಲ್ಕು ಯಾವುದಕ್ಕಿಂತ ಕಡಿಮೆ ಅಂತ ಹೇಳಬೇಕಲ್ಲ.”

“ನಿಂಗೂ ಮಗಳ ಗಾಳಿ ಬಡಿದಿದೆ.”

“ಬಡೀಲಿ ಬಿಡಿ, ಸೆಕೆ ಜಾಸ್ತಿಯಿದೆ.”

ಪುಸ್ತಕ ಹೋದರೆ ಏನು ಮಾಡುತ್ತೀರಿ ಎಂದು ನಿನ್ನಮ್ಮ ಕೇಳಿದಳು. ಸಂತೆಯಲ್ಲಿ ಅವಳು ಮಾರುವ ಗೆಣಸಿನ ರಾಶಿಯ ಮುಂದೆ ಅವಳ ಪಕ್ಕ ಕೂರುತ್ತೇನೆ, ಕೂರುವುದರಲ್ಲಿ ನನಗೆ ಅನುಭವವಿದೆ ಎಂದೆ. ಅವಳು ನಗಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ.

ಹಸಿರು ಚೀಲವೇ. ಸರಿಯಾಗಿ ಹೇಳಿದೆ.

ಅಪ್ಪ


ಕುಮಾಸಿ
ಭಾನುವಾರ, 22 ಜೂನ್ 1997

ಅಪ್ಪನಿಗೆ,

ಇಪ್ಪತ್ತನೆಯ ತಾರೀಖು ಮಧ್ಯಾಹ್ನ ಕೊಟ್ಟೆ. ನಲವತ್ತೊಂದು ಪುಟ. ಮೊದಲ ಪುಟದಲ್ಲಿ ನಿಮ್ಮ ಹೆಸರು, ಕೆಳಗೆ ಎನೊ ಬಿರಾಗೊ ಅವರ ಹೆಸರು. ನಿನ್ನೆ ಮೂವರು ಪ್ರೊಫೆಸರುಗಳ ಮುಂದೆ ನಿಲ್ಲಿಸಿದರು. ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಜೋಡಿಸಿದೆ. ವಯಸ್ಸಾದ ಒಬ್ಬರು ಒಂದನ್ನು ಎತ್ತಿ ಮೂಸಿ ನೋಡಿದರು. ಗ್ರೀಸ್ ವಾಸನೆ ಬಂದಿರಬೇಕು.

“ಲೆಕ್ಕ ಚೆನ್ನಾಗಿದೆಯಮ್ಮ. ಆದ್ರೆ ಈ ನೋಟ್‌ಬುಕ್ಕನ್ನ ಹೋದ ತಿಂಗಳು ನೀನೇ ಕೂತು ಬರೆದಿಲ್ಲ ಅಂತ ಹೆಂಗೆ ನಂಬೋದು? ಮೊದಲ ಸಲ ಅಂಕಿ ತಾಳೆ ಆಗ್ಲಿಲ್ಲ, ಆಮೇಲೆ ತಾಳೆ ಆಗೋ ಪುಸ್ತಕವೇ ಸಿಕ್ತು.”

ನಾನಂದೆ, “ಸರ್, ಸುಳ್ಳು ಬರೆಯೋ ಹಾಗಿದ್ರೆ ನಮ್ಮಪ್ಪನ್ನ ಒಳ್ಳೆಯವರಾಗಿ ಬರೀತಿದ್ದೆ.”

ಮೇಡಂ ಕೆಮ್ಮಿದರು. ಆದರೂ ಆ ವಯಸ್ಸಾದವರು ಪಟ್ಟು ಬಿಡಲಿಲ್ಲ.

ಇಂದು ಪಟ್ಟಿ ಹಾಕಿದ್ದಾರೆ. ಏಳು ಹೆಸರು ಶಾಯಿಯಲ್ಲಿ. ಎಂಟನೆಯದು ನನ್ನದು, ಪೆನ್ಸಿಲಿನಲ್ಲಿ. ನೋಟ್‌ಬುಕ್ಕು ಬರೆದವರು ಶುಕ್ರವಾರ, ಇಪ್ಪತ್ತೇಳನೆಯ ತಾರೀಖು ಹನ್ನೊಂದು ಗಂಟೆಯೊಳಗೆ ಖುದ್ದಾಗಿ ಬಂದು, ಇದು ತನ್ನ ಕೈಬರಹ ಎಂದು ಅವರ ಮುಂದೆ ಬರೆದು ತೋರಿಸಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಇಲ್ಲವಾದರೆ ರಬ್ಬರು ಹಾಕಿ ಅಳಿಸಿ ಒಂಬತ್ತನೆಯವನನ್ನು ತೆಗೆದುಕೊಳ್ಳುತ್ತಾರೆ.

ಅಪ್ಪ, ಬನ್ನಿ ಎಂದು ಬರೆಯುವುದು ನನಗೆ ಸುಲಭ. ಬಂದು ಆ ಮೂವರ ಮುಂದೆ ‘ನಾನು ಕೂರುವವನಾಗಿದ್ದೆ’ ಎಂದು ಹೇಳುವುದು ನಿಮಗೆ ಎಷ್ಟು ಕಷ್ಟವೆಂದು ಈಗ ಗೊತ್ತು. ಹದಿನಾಲ್ಕು ವರ್ಷದಲ್ಲಿ ನೀವು ಒಂದು ದಿನವೂ ಸ್ಟ್ಯಾಂಡು ಬಿಟ್ಟಿಲ್ಲ ಎನ್ನುವುದೂ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಬನ್ನಿ.

ದುಫಿಯೆ


‘ಹೊಟ್ಟೆಕಿಚ್ಚು ಬೇಡ’ ಗಾಡಿ, ಸೀಟು ಒಂದು
ಟೆಚಿಮಾನ್ ಸ್ಟ್ಯಾಂಡು
ಶುಕ್ರವಾರ, 27 ಜೂನ್ 1997, ಬೆಳಿಗ್ಗೆ ಆರು ಗಂಟೆ ಎಂಟು ನಿಮಿಷ
ತರುವವನು: ನಾನೇ

ದುಫಿಯೆ,

ಖಾಲಿ ಗಾಡಿಗೆ ಮೊದಲು ಹತ್ತಿದವನು ನಾನು. ಅಧ್ಯಕ್ಷರ ಮೇಜಿನ ಮೇಲೆ ಸರದಿ ಪುಸ್ತಕ ಇಟ್ಟು ಬಂದೆ. ಸೋಮವಾರ ಅದು ಅಲ್ಲೇ ಇದ್ದರೆ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ. ಅವರು ಪುಸ್ತಕದ ಮೇಲೆ ಕನ್ನಡಕ ಇಟ್ಟರು, ಅಷ್ಟೆ.

ಸರ್ಪಾಂಗ್ ಬಂದು, “ಯಜಮಾನ್ರೇ, ಹನ್ನೊಂದಕ್ಕೆ ಅಲ್ಲಿರಬೇಕಲ್ಲ, ತುಂಬದಿದ್ರೂ ಹೊರಟುಬಿಡಾಣ” ಅಂದ. “ಇಪ್ಪತ್ತೆರಡು ತುಂಬ್ದೆ ಚಕ್ರ ಉರುಳಿಸ್ದೆ ಅಂದ್ರೆ ನಿನ್ನ ಹೆಸರು ಬರೀತೀನಿ ನೋಡು” ಅಂದೆ. “ಪುಸ್ತಕ ಎಲ್ಲಿದೆ ಈಗ?” ಅಂದ. ಅವನ ಮಾತಿನಲ್ಲಿ ಅರ್ಥವಿತ್ತು. ಆದರೂ ಕಾಯುತ್ತಿದ್ದೇವೆ. ನೀನು ಮೂವತ್ತನಾಲ್ಕು ನಿಮಿಷ ಎಂದು ಬರೆದು ಕೊಟ್ಟಿದ್ದೀಯ. ಅದು ನಿಜವೋ ಎಂದು ಇವತ್ತು ನನ್ನ ಮೈಮೇಲೇ ಅಳೆಯುತ್ತೇನೆ.

ಆರು ಹದಿನೇಳು. ಒಂಬತ್ತು ಜನ. ಬೆನ್ನಿಗೆ ಆಗಲೇ ಸೆಕೆ. ಮೊದಲು ಹತ್ತಿದವರಿಗೆ ಶಿಕ್ಷೆ ಎಂದು ನೀನು ಬರೆದದ್ದು ನಿಜ.

ಆರು ಇಪ್ಪತ್ತೇಳು. ಹದಿನಾಲ್ಕು. ನಿನ್ನಮ್ಮ ಕಿಟಕಿಯಲ್ಲಿ ಶಿಟೊ ಡಬ್ಬಿ ಕೊಟ್ಟು ಹೋದಳು. ಖಾರ ಕಡಿಮೆ ಹಾಕಿದ್ದಾಳಂತೆ. ಹದಿನೈದನೆಯ ಸೀಟಿಗೆ ಎನೊ ಬಿರಾಗೊ ಬಂದು ಕೂತಳು. “ಯಾರಿಗೋಸ್ಕರ?” ಅಂದೆ. ಮುಚ್ಚಳ ತೋರಿಸಿದಳು. “ದುಡ್ಡು ಕೊಟ್ಟು ತಗೊಂಡಿದೀನಿ ಕಣೋ. ಮೊದಲ ಪುಟದಲ್ಲಿ ನನ್ನ ಹೆಸರೂ ಇದೆಯಂತಲ್ಲ, ಆ ದೊಡ್ಡೋರು ನನ್ನನ್ನೂ ಒಂದ್ ಸಲ ಎಣಿಸ್ಕೊಳ್ಳಲಿ. ಒಂದೇ ಸಲ.” ಚೀಲದಲ್ಲಿ ನಿನಗೆ ಗೆಣಸು ತಂದಿದ್ದಾಳೆ, ಭಾರವಾಗಿದೆ, ಮುಟ್ಟಿ ನೋಡಿದೆ.

ಆರು ಮೂವತ್ತಮೂರು. ಹದಿನೆಂಟು. ಗಂಟೆ ಬಾರಿಸುತ್ತಿರುವವನು ಕ್ವಾಸಿ ಬಾಫೊ. ನನಗಿಂತ ಜೋರಾಗಿ ಬಾರಿಸುತ್ತಾನೆ. ಅಭ್ಯಾಸಬಲ ನೋಡು, ಗಂಟೆ ಕೇಳಿದ ಕೂಡಲೇ ನನ್ನ ಕಾಲುಗಳು ತಾವಾಗಿ ಇಳಿಯಲು ಎದ್ದವು. ಎನೊ ಹಿಂದಿನಿಂದ ಅಂಗಿ ಹಿಡಿದು ಎಳೆದಳು.

ಆರು ನಲವತ್ತೊಂದು. ಇಪ್ಪತ್ತೆರಡು. ಮೂವತ್ತಮೂರು ನಿಮಿಷ. ನೀನು ಬರೆದುಕೊಟ್ಟದ್ದಕ್ಕಿಂತ ಒಂದು ಕಡಿಮೆ.

ಬಾಗಿಲು ಹಾಕಿದರು. ಇನ್ನು ಅಕ್ಷರ ಅಲ್ಲಾಡಿದರೆ ಅದು ರಸ್ತೆಯ ತಪ್ಪು, ನನ್ನದಲ್ಲ. ಕೈಬರಹ ತಾಳೆ ನೋಡುವಾಗ ಆ ಪ್ರೊಫೆಸರಿಗೆ ಈ ಪತ್ರ ತೋರಿಸಬೇಡ. ಪಟ್ಟಿಯಲ್ಲಿ ನಿನ್ನ ಹೆಸರಿನ ಪೆನ್ಸಿಲಿನ ಮೇಲೆ ಓಡಿಸಲು ಶಾಯಿ ಪೆನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ಸಂತೆಯ ತಿರುವು ದಾಟಿತು. ಇಲ್ಲಿಂದಾಚೆ ನಾನು ಈ ಗಾಡಿಯಲ್ಲಿ ಯಾವತ್ತೂ ಕೂತಿಲ್ಲ.

ಕುಮಾಸಿಗೆ ಹೋಗುತ್ತಿದ್ದೇನೆ, ಕಂದ.

ನಿನ್ನ ಅಪ್ಪ,
ಯಾವ್ ಚೆರೆಮೆ